ಗಾಡಿ ನಿಲ್ಲುವ ಮುಂಚೆ, ನಿಂತ ಮೇಲೆ

ಚೆನ್ನಾಗಿ ಓಡುತ್ತಿದ್ದ ಕಾರು ಇದ್ದಕ್ಕಿದ್ದಂತೆ ಕೈಕೊಟ್ಟಿತು ಅಂತ ನಾವು ಹೇಳುತ್ತೇವೆ. ಜಾಸ್ತಿ ಸಲ ಅದು ಮುಂಚೆಯೇ ಹೇಳಿರುತ್ತದೆ, ನಾವು ಕೇಳಿಸಿಕೊಂಡಿರುವುದಿಲ್ಲ ಅಷ್ಟೇ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಎಂಜಿನ್ ಎಳೆದುಕೊಂಡು ತಿರುಗುತ್ತದೆ. ಒಂದೇ ಟೈರಿನಲ್ಲಿ ಪದೇ ಪದೇ ಗಾಳಿ ಕಮ್ಮಿಯಾಗುತ್ತದೆ. ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಸ್ವಲ್ಪ ಸ್ವಲ್ಪವೇ ಇಳಿಯುತ್ತಿರುತ್ತದೆ. ದಾರಿ ಮಧ್ಯೆ ಗಾಡಿ ನಿಲ್ಲಿಸುವುದು ಹೆಚ್ಚಾಗಿ ಈ ಮೂರೇ: ಬ್ಯಾಟರಿ, ಟೈರ್, ಬಿಸಿ. ಇವನ್ನು ಗಮನಿಸಲು ಮೆಕ್ಯಾನಿಕ್ ಆಗಬೇಕಿಲ್ಲ. ಹದಿನೈದು ದಿನಕ್ಕೊಮ್ಮೆ, ದೂರ ಹೊರಡುವ ಮುಂಚೆ ತಪ್ಪದೆ, ಹತ್ತು ನಿಮಿಷ ಬಾನೆಟ್ ಎತ್ತಿ ನೋಡಿದರೆ ಸಾಕು.

ಮನೆಯಲ್ಲೇ ನೋಡುವುದು

ಬೆಳಿಗ್ಗೆ ಗಾಡಿ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ ಶುರು ಮಾಡಿ.

ಮೊದಲು ಎಂಜಿನ್ ಆಯಿಲ್. ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಪೂರ್ತಿ ಒರೆಸಿ, ತುದಿಯವರೆಗೂ ಮತ್ತೆ ಒಳಗೆ ತೂರಿಸಿ, ಇನ್ನೊಮ್ಮೆ ಎಳೆಯಿರಿ. ಮೊದಲ ಸಲ ಎಳೆದಾಗ ಕಾಣುವ ಗುರುತನ್ನು ನಂಬಬೇಡಿ. ಗಾಡಿ ಓಡುವಾಗ ಕಡ್ಡಿಯ ಮೇಲೆಲ್ಲ ಆಯಿಲ್ ಹರಡಿರುತ್ತದೆ. ಎರಡನೇ ಸಲ ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿನ ಗುರುತಿಗಿಂತ ಕಮ್ಮಿ ಇದ್ದರೆ ಗಾಡಿ ತೆಗೆಯಬೇಡಿ, ಅದೇ ಗ್ರೇಡಿನ ಆಯಿಲ್ ತಂದು ಸ್ವಲ್ಪ ಸ್ವಲ್ಪ ಹಾಕಿ. ಮೇಲಿನ ಗುರುತು ದಾಟಿಸುವುದೂ ಎಂಜಿನ್‌ಗೆ ಒಳ್ಳೆಯದಲ್ಲ. ಆಯಿಲ್ ಕಪ್ಪಗಾಗುವುದು ಸಹಜ. ಹಾಲು ಬೆರೆಸಿದಂತೆ ಬೆಳ್ಳಗೆ ಕಂಡರೆ ಒಳಗೆ ನೀರೋ ಕೂಲಂಟೋ ಸೇರುತ್ತಿರಬಹುದು, ಅದನ್ನು ಗ್ಯಾರೇಜಿನಲ್ಲಿ ತೋರಿಸಲೇಬೇಕು.

ಪಕ್ಕದಲ್ಲೇ ಇರುವ ಅರೆಪಾರದರ್ಶಕ ಡಬ್ಬಿ ಕೂಲಂಟಿನದು. ಅದಕ್ಕೂ ಎರಡು ಗುರುತು ಇರುತ್ತವೆ. ಕಮ್ಮಿಯಾದಾಗಲೆಲ್ಲ ಸುಮ್ನೆ ನಲ್ಲಿ ನೀರು ತುಂಬಿಸುವ ಅಭ್ಯಾಸ ಬೇಡ. ಬರೀ ನೀರು ಬೇಗ ಕುದಿಯುತ್ತದೆ, ಒಳಗೆ ತುಕ್ಕು ಹಿಡಿಸುತ್ತದೆ. ಬ್ರೇಕ್ ಆಯಿಲ್ ಡಬ್ಬಿಯನ್ನು ಹೊರಗಿನಿಂದಲೇ ನೋಡಿ. ಮಟ್ಟ ಇಳಿದಿದ್ದರೆ ಬ್ರೇಕ್ ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಎರಡಕ್ಕೂ ಬರೀ ತುಂಬಿಸುವುದು ಪರಿಹಾರವಲ್ಲ. ಇದು ಗಾಳಿಯಲ್ಲಿನ ತೇವ ಹೀರುವ ದ್ರವ. ಅದಕ್ಕೇ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸುತ್ತಾರೆ.

ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯಾ ನೋಡಿ. ಆ ಪುಡಿ ಕರೆಂಟ್ ಹರಿಯದಂತೆ ತಡೆಯುತ್ತದೆ. ಬ್ಯಾಟರಿ ಚೆನ್ನಾಗಿದ್ದರೂ ಎಷ್ಟೋ ಗಾಡಿಗಳು ಸ್ಟಾರ್ಟ್ ಆಗದಿರುವುದು ಇಷ್ಟರಿಂದಲೇ. ಬ್ಯಾಟರಿಯ ವೈರ್ ತೆಗೆಯುವಾಗ ಮೊದಲು ಮೈನಸ್, ಹಾಕುವಾಗ ಮೈನಸ್ ಕೊನೆಗೆ. ಅಡುಗೆ ಸೋಡಾ ಬೆರೆಸಿದ ನೀರು, ಹಳೇ ಬ್ರಷ್ ಇದ್ದರೆ ಉಜ್ಜಿ ತೆಗೆಯಬಹುದು. ಗ್ಲೌಸ್ ಹಾಕಿಕೊಳ್ಳಿ. ವೋಲ್ಟ್ ಅಳೆಯುವ ಅಗ್ಗದ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ ಅಂತ ಅರ್ಥ. 12ರ ಹತ್ತಿರ ಬಂದಿದ್ದರೆ ದೂರದ ಪ್ರಯಾಣಕ್ಕೆ ಹೊರಡುವ ಮುಂಚೆ ಚಾರ್ಜ್ ಮಾಡಿಸಿ, ಬ್ಯಾಟರಿಯನ್ನೂ ಟೆಸ್ಟ್ ಮಾಡಿಸಿ.

ಟೈರಿಗೆ ಎಷ್ಟು ಗಾಳಿ ಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆರೆದಾಗ ಕಾಣುವ ಸ್ಟಿಕರ್‌ನಲ್ಲಿ ಇರುತ್ತದೆ. ಟೈರ್ ಮೇಲೆ ಅಚ್ಚು ಹಾಕಿರುವ ಸಂಖ್ಯೆ ಆ ಟೈರ್ ತಡೆಯುವ ಗರಿಷ್ಠ ಒತ್ತಡ, ನಿಮ್ಮ ಕಾರಿಗೆ ಬೇಕಾದದ್ದಲ್ಲ. ಸ್ಟೆಪ್ನಿಗೂ ಗಾಳಿ ನೋಡಿಸಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಾಲ್ಕು ಟೈರ್ ನೋಡಿಸಿ ಐದನೆಯದನ್ನು ಮರೆಯುವವರೇ ಜಾಸ್ತಿ. ಟೈರಿನ ಮೇಲಿರುವ ತೋಡುಗಳ ಒಳಗೆ ಅಲ್ಲಲ್ಲಿ ಚಿಕ್ಕ ರಬ್ಬರ್ ದಿಂಡುಗಳು ಇರುತ್ತವೆ. ಟೈರ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್ ಅಷ್ಟೇ. ಟೈರ್ ಬದಲಿಸಿ.

ಗಾಡಿ ನಿಂತಾಗ ಮೊದಲ ಕೆಲಸ

ಬಾನೆಟ್ ಎತ್ತುವುದು ಮೊದಲ ಕೆಲಸವಲ್ಲ. ಜನ ಸುರಕ್ಷಿತವಾಗಿರಬೇಕು, ಆಮೇಲೆ ಗಾಡಿ. ಏನೋ ಸರಿಯಿಲ್ಲ ಅನಿಸಿದ ಕೂಡಲೇ ಹಜಾರ್ಡ್ ಲೈಟ್ ಹಾಕಿ, ವೇಗ ಇರುವಾಗಲೇ ಅಂಚಿಗೆ ತನ್ನಿ. ಎಂಜಿನ್ ಆಫ್ ಆದರೆ ಸ್ಟಿಯರಿಂಗ್, ಬ್ರೇಕ್ ಎರಡೂ ಗಟ್ಟಿಯಾಗುತ್ತವೆ. ಕೆಲಸ ಮಾಡುತ್ತವೆ, ಬಲ ಹಾಕಬೇಕು ಅಷ್ಟೇ. ಗಾಬರಿಯಾಗಿ ಕೀ ಪೂರ್ತಿ ತಿರುಗಿಸಿ ತೆಗೆಯಬೇಡಿ, ಸ್ಟಿಯರಿಂಗ್ ಲಾಕ್ ಆಗಬಹುದು.

ವಾಹನಗಳು ಓಡಾಡದ ಕಡೆಯ ಬಾಗಿಲಿನಿಂದ ಎಲ್ಲರನ್ನೂ ಇಳಿಸಿ, ರಸ್ತೆಯಿಂದ ದೂರ, ತಡೆಗೋಡೆ ಇದ್ದರೆ ಅದರ ಆಚೆ ನಿಲ್ಲಿಸಿ. ಹೊರಗೆ ಹೋಗಲು ಸುರಕ್ಷಿತ ಜಾಗವೇ ಇಲ್ಲದಿದ್ದರೆ ಮಾತ್ರ ಸೀಟ್ ಬೆಲ್ಟ್ ಹಾಕಿಕೊಂಡು ಒಳಗೇ ಇದ್ದು ಸಹಾಯಕ್ಕೆ ಫೋನ್ ಮಾಡಿ. ಎಚ್ಚರಿಕೆಯ ಕೆಂಪು ತ್ರಿಕೋನವನ್ನು ಗಾಡಿಗೆ ಅಂಟಿಸಿದಂತೆ ಇಟ್ಟರೆ ಹಿಂದಿನವರಿಗೆ ಏನೂ ಉಪಯೋಗವಿಲ್ಲ. ಕನಿಷ್ಠ 50 ಮೀಟರ್ ಹಿಂದೆ ಇಡಿ, ತಿರುವಿದ್ದರೆ ತಿರುವಿಗೂ ಮುಂಚೆ. ವೇಗದ ಹೆದ್ದಾರಿಯಲ್ಲಿ ಅದನ್ನಿಡಲು ನಡೆದು ಹೋಗುವುದೇ ಅಪಾಯ ಅನಿಸಿದರೆ ಬಿಟ್ಟುಬಿಡಿ.

ಪಂಕ್ಚರ್ ಆದರೆ

ಗಟ್ಟಿ ನೆಲ, ಸಮತಟ್ಟು ಜಾಗ ಸಿಗುವವರೆಗೆ ನಿಧಾನಕ್ಕೆ ಮುಂದೆ ಹೋಗಿ. ಟೈರ್ ಹಾಳಾದರೂ ಪರವಾಗಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿ ಬಿಡಿ, ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ. ಕೆಟ್ಟ ಚಕ್ರಕ್ಕೆ ಮೂಲೆಗೆ ಮೂಲೆ ಎದುರಿರುವ ಚಕ್ರಕ್ಕೆ ಕಲ್ಲು ಕೊಡಿ.

ಜ್ಯಾಕ್ ಹಾಕುವ ಮುಂಚೆಯೇ ನಟ್ ಸಡಿಲಿಸಬೇಕು. ಗಾಡಿ ಎತ್ತಿದ ಮೇಲೆ ಸ್ಪ್ಯಾನರ್‌ಗೆ ಬಲ ಹಾಕಿದರೆ ಚಕ್ರ ತಿರುಗುತ್ತದೆ, ಜ್ಯಾಕ್ ಜಾರುತ್ತದೆ. ಪ್ರತಿ ನಟ್ಟನ್ನೂ ಎಡಕ್ಕೆ ಅರ್ಧ ಸುತ್ತು ಮಾತ್ರ ತಿರುಗಿಸಿ. ಬಿಗಿಯಾಗಿದ್ದರೆ ಸ್ಪ್ಯಾನರ್ ಹಿಡಿಕೆ ನೆಲಕ್ಕೆ ಸಮನಾಗಿ ಎಡಗಡೆ ಬರುವಂತೆ ಕೂರಿಸಿ, ಎರಡೂ ಕೈಯಿಂದ ಮೈಭಾರ ಬಿಟ್ಟು ಕೆಳಕ್ಕೆ ಒತ್ತಿ.

ಈಗ ಜ್ಯಾಕ್. ಬಾಗಿಲ ಕೆಳಗಿನ ಅಂಚನ್ನು ಬೆರಳಿನಿಂದ ಸವರಿದರೆ ಚಕ್ರದ ಹತ್ತಿರ ಎರಡು ಕಚ್ಚು ಸಿಗುತ್ತವೆ. ಹೆಚ್ಚಿನ ಕಾರುಗಳಲ್ಲಿ ಜ್ಯಾಕ್ ಕೂರುವುದು ಅವುಗಳ ನಡುವೆ. ಬೇರೆಡೆ ಕೊಟ್ಟರೆ ತಗಡು ಬಗ್ಗುತ್ತದೆ. ಸ್ವಲ್ಪ ಎತ್ತಿದ ಮೇಲೆ ಸ್ಟೆಪ್ನಿಯನ್ನು ಜ್ಯಾಕ್ ಪಕ್ಕ ಗಾಡಿಯ ಅಡಿಗೆ ಮಲಗಿಸಿ. ಜ್ಯಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ. ನಿಮ್ಮ ಕೈ, ಕಾಲು, ತಲೆ ಯಾವುದೂ ಅಡಿಗೆ ಹೋಗಬಾರದು. ಚಕ್ರ ಬಿಚ್ಚಿ, ಸ್ಟೆಪ್ನಿ ಎಳೆದುಕೊಂಡು, ಅದರ ಜಾಗಕ್ಕೆ ಹಳೇ ಚಕ್ರ ತಳ್ಳಿ. ಸ್ಟೆಪ್ನಿ ಕೂರಿಸಿ ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ, ಅಡಿಯ ಚಕ್ರ ತೆಗೆದು ಗಾಡಿ ಇಳಿಸಿ, ಆಮೇಲೆ ಸ್ಪ್ಯಾನರ್‌ನಿಂದ ಬಿಗಿ ಮಾಡಿ. ಒಂದರ ಪಕ್ಕ ಇನ್ನೊಂದು ಅಂತ ಬೇಡ, ಎದುರುಬದುರು ಬಿಗಿಯುತ್ತಾ ಬನ್ನಿ. ಚಕ್ರ ನೇರ ಕೂರುತ್ತದೆ.

ಸ್ಟಾರ್ಟ್ ಆಗದಿದ್ದರೆ

ಸೆಲ್ಫ್ ಹೊಡೆದಾಗ ಬರೀ ಟಿಕ್ ಟಿಕ್ ಅಂದು ಡ್ಯಾಶ್‌ಬೋರ್ಡ್ ಲೈಟ್ ಮಂಕಾದರೆ ಬ್ಯಾಟರಿ ಇಳಿದಿದೆ. ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ತೊಂದರೆ ಬೇರೆ ಕಡೆ ಇದೆ. ಬ್ಯಾಟರಿ ಉಬ್ಬಿದ್ದರೆ, ಒಡೆದಿದ್ದರೆ, ಸೋರುತ್ತಿದ್ದರೆ ಜಂಪ್ ಸ್ಟಾರ್ಟ್, ಅಂದರೆ ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡುವುದು, ಬೇಡವೇ ಬೇಡ.

ಎರಡೂ 12 ವೋಲ್ಟ್ ಗಾಡಿಗಳಿರಲಿ, ಒಂದಕ್ಕೊಂದು ತಾಗದಿರಲಿ, ಎರಡರ ಎಂಜಿನ್ನೂ ಆಫ್ ಇರಲಿ. ಕೆಂಪು ಕೇಬಲ್‌ನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆ ಬ್ಯಾಟರಿಯ ಮೈನಸ್‌ಗೆ. ಅದರ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಹಾಕದೆ, ಅದೇ ಗಾಡಿಯ ಎಂಜಿನ್‌ನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರ ಕಚ್ಚಿಸಿ. ಕೊನೆಯ ಕ್ಲಿಪ್ ಹಾಕುವಾಗ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್‌ಗೆ ಆ ಕಿಡಿ ತಾಗಿದರೆ ಬ್ಯಾಟರಿ ಸಿಡಿಯಬಹುದು. ಒಳ್ಳೆ ಗಾಡಿಯ ಎಂಜಿನ್ ಸ್ಟಾರ್ಟ್ ಮಾಡಿ ನಿಂತಲ್ಲೇ ಕೆಲವು ನಿಮಿಷ ಬಿಡಿ, ನಂತರ ನಿಮ್ಮದನ್ನು ಸ್ಟಾರ್ಟ್ ಮಾಡಿ. ಕೇಬಲ್ ತೆಗೆಯುವಾಗ ಇದೇ ಕ್ರಮ ಉಲ್ಟಾ, ಕೊನೆಗೆ ಹಾಕಿದ ತುದಿ ಮೊದಲು.

ಎಂಜಿನ್ ಬಿಸಿಯಾದರೆ

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿದ್ದರೆ ಏಸಿ ಆಫ್ ಮಾಡಿ ಹೀಟರ್ ಪೂರ್ತಿ ಹಾಕಿ. ಸೆಕೆಯಾಗುತ್ತದೆ ನಿಜ, ಆದರೆ ಎಂಜಿನ್ನಿನ ಬಿಸಿ ಒಂದಷ್ಟು ಹೊರಬರುತ್ತದೆ. ಮುಳ್ಳು ಕೆಂಪು ಗೆರೆಗೆ ಬಂದರೆ, ಆವಿ ಎದ್ದರೆ, ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಇನ್ನು ಸ್ವಲ್ಪ ದೂರ ಅಲ್ವಾ ಅಂತ ಓಡಿಸಿದರೆ ಸಿಲಿಂಡರ್ ಹೆಡ್ ಸೊಟ್ಟಗಾಗಿ ಎಂಜಿನ್ನೇ ಬಿಚ್ಚಬೇಕಾಗುತ್ತದೆ.

ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗಿನ ಕೂಲಂಟ್ ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಒತ್ತಡ ಬಿದ್ದು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಡೇಪಕ್ಷ ಅರ್ಧ ಗಂಟೆ ಬಿಡಿ. ಪೂರ್ತಿ ತಣ್ಣಗಾದ ಮೇಲೆ ದಪ್ಪ ಬಟ್ಟೆ ಹಿಡಿದು ನಿಧಾನಕ್ಕೆ ತೆರೆದು ಕೂಲಂಟ್ ಹಾಕಿ. ಇಂಥ ಹೊತ್ತಿನಲ್ಲಿ ಬೇರೆ ಸಿಗದಿದ್ದರೆ ನೀರೂ ನಡೆಯುತ್ತದೆ, ಗ್ಯಾರೇಜ್ ಸೇರುವವರೆಗೆ ಮಾತ್ರ.

ಯಾವಾಗ ಕೈ ಹಾಕಬಾರದು

ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಲೈಟ್ ಬಂದರೆ ನಿಲ್ಲಿಸಿ. ಹಳದಿ ಬಂದರೆ ಬೇಗ ತೋರಿಸಿ. ಎಣ್ಣೆ ಕ್ಯಾನಿನ ಚಿತ್ರ ಕೆಂಪಗೆ ಹತ್ತಿದರೆ ಅಲ್ಲೇ ಎಂಜಿನ್ ಆಫ್. ಬ್ರೇಕ್ ಪೆಡಲ್ ಮೆತ್ತಗಾದರೆ, ಪೆಟ್ರೋಲ್ ವಾಸನೆ ಬಂದರೆ, ವೈರ್ ಸುಟ್ಟ ವಾಸನೆ ಬಂದರೆ ನೀವು ಏನೂ ಮಾಡಲು ಹೋಗಬೇಡಿ, ದೂರ ನಿಂತು ಫೋನ್ ಮಾಡಿ. ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರ್‌ನದು ಹಾಕಿ. ದೊಡ್ಡದು ಹಾಕಿದರೆ ಫ್ಯೂಸ್ ಬದಲು ವೈರ್ ಸುಡುತ್ತದೆ.

ಟೋಯಿಂಗ್‌ನವರು ಬಂದಾಗ ನಿಮ್ಮದು ಆಟೋಮ್ಯಾಟಿಕ್ ಆಗಿದ್ದರೆ ಮೊದಲೇ ಹೇಳಿ. ಎಂಜಿನ್ ತಿರುಗಿಸುವ ಚಕ್ರಗಳು ನೆಲದಲ್ಲಿ ಉರುಳುತ್ತಾ ಹೋದರೆ ಗೇರ್‌ಬಾಕ್ಸ್ ಒಳಗೆ ಆಯಿಲ್ ಸಾಗದೆ ಹಾಳಾಗಬಹುದು, ಪೂರ್ತಿ ಗಾಡಿಯನ್ನೇ ಮೇಲೇರಿಸಿಕೊಂಡು ಹೋಗಲು ಕೇಳಿ. ಸ್ಟೆಪ್ನಿ ಹಾಕಿ ನೀವೇ ಮುಂದೆ ಹೊರಟಿದ್ದರೆ ಸುಮಾರು 50 ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ತೆಳ್ಳನೆಯ ತಾತ್ಕಾಲಿಕ ಸ್ಟೆಪ್ನಿ ಆಗಿದ್ದರೆ ಗಂಟೆಗೆ 80 ಕಿಲೋಮೀಟರ್ ದಾಟಬೇಡಿ, ಪಂಕ್ಚರ್ ಆದ ಟೈರನ್ನು ಅವತ್ತೇ ಸರಿ ಮಾಡಿಸಿ.