ಪಿಕಪ್ಪಿನ ಡೀಸೆಲ್‌ಗೆ ನೀರು ಸೇರಿದರೆ ಪಂಪ್ ಉಳಿಸಿಕೊಳ್ಳುವುದು ಹೇಗೆ?

ಮಂಗಳೂರಿನ ಧಕ್ಕೆಯಲ್ಲಿ ಮೀನು ತುಂಬಿಕೊಂಡು ಹಾಸನಕ್ಕೆ ಹೊರಟ ಪಿಕಪ್ಪು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಎಳೆಯುವುದನ್ನೇ ನಿಲ್ಲಿಸಿತು. ಆಕ್ಸಿಲರೇಟರ್ ಪೂರ್ತಿ ತುಳಿದರೂ ಗಾಡಿ ಏಳಲಿಲ್ಲ. ಹಿಂದೆ ಕ್ರೇಟುಗಳಲ್ಲಿ ಐಸ್ ಕರಗಿ ರಸ್ತೆಗೆ ತೊಟ್ಟಿಕ್ಕುತ್ತಿತ್ತು. ಹೋದ ಮಳೆಗಾಲದಲ್ಲಿ ನನ್ನ ಭಾವನ ಗಾಡಿಗೆ ಆದದ್ದಿದು. ಮೀಟರ್ ಬೋರ್ಡಿನಲ್ಲಿ ಡೀಸೆಲ್ಲಿಗೆ ನೀರು ಸೇರಿದೆ ಎಂದು ಎಚ್ಚರಿಸುವ ದೀಪ ನಾಲ್ಕು ದಿನದಿಂದ ಉರಿಯುತ್ತಿತ್ತು. ಸೆನ್ಸರ್ ಕೆಟ್ಟಿರಬೇಕು ಅಂದುಕೊಂಡು ಅವರು ಓಡಿಸುತ್ತಲೇ ಇದ್ದರು. ಸೆನ್ಸರ್ ಸರಿಯಾಗಿಯೇ ಇತ್ತು, ಫಿಲ್ಟರಿನ ತುಂಬ ನೀರಿತ್ತು. ಐದು ನಿಮಿಷದ ಕೆಲಸ ತಪ್ಪಿದ್ದಕ್ಕೆ ಹೈ ಪ್ರೆಷರ್ ಪಂಪೂ ಎರಡು ಇಂಜೆಕ್ಟರ್‌ಗಳೂ ಹೋದವು.

ಈಗಿನ ಡೀಸೆಲ್ ಪಿಕಪ್ಪುಗಳದ್ದು ಕಾಮನ್ ರೈಲ್ ಎಂಜಿನ್. ಟ್ಯಾಂಕಿನ ಡೀಸೆಲ್ ಫಿಲ್ಟರ್ ದಾಟಿ ಹೈ ಪ್ರೆಷರ್ ಪಂಪಿಗೆ ಬರುತ್ತದೆ. ಪಂಪು ಅದನ್ನು ರೈಲ್ ಎಂಬ ದಪ್ಪ ಕೊಳವೆಗೆ ಒತ್ತುತ್ತದೆ, ಅಲ್ಲಿಂದ ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳಿಗೆ ಹೋಗುತ್ತದೆ. ಹಿಂದಿನ ಟೈರಿಗೆ ನಾವು ಹೊಡೆಸುವ ಗಾಳಿ ನಾಲ್ಕೈದು ಬಾರ್. ರೈಲಿನೊಳಗಿನ ಒತ್ತಡ ಲೋಡಿನಲ್ಲಿ 1600 ಬಾರ್ ಮುಟ್ಟುತ್ತದೆ, ಕೆಲವು ಎಂಜಿನ್‌ಗಳಲ್ಲಿ 2000. ಇಷ್ಟು ದುಡಿಯುವ ಪಂಪಿನ ಒಳಭಾಗಗಳಿಗೆ ಜಿಡ್ಡು ಕೊಡುವುದು ಡೀಸೆಲ್ಲೇ. ನೀರೋ ಗಾಳಿಯೋ ಬಂದ ಕಡೆ ಜಿಡ್ಡು ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ಸೀಮೆಎಣ್ಣೆ ಕಲಬೆರಕೆಯಾದ ಡೀಸೆಲ್ ಮಾಡುವುದೂ ಇದನ್ನೇ.

ನೀರು ತೆಗೆಯುವ ಕ್ರಮ

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಈ ಕೆಲಸ ಮಾಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ನೀರು ಫಿಲ್ಟರಿನ ಬುಡಕ್ಕೆ ಇಳಿದಿರುತ್ತದೆ. ಸಮತಟ್ಟು ಜಾಗ ಇರಲಿ, ಕೀ ತೆಗೆದಿರಲಿ, ಹತ್ತಿರ ಬೀಡಿ ಸಿಗರೇಟು ಬೇಡ. ಫಿಲ್ಟರಿನ ಕೆಳಗೆ ಕೈಯಲ್ಲೇ ತಿರುಗುವ ಡ್ರೈನ್ ಸ್ಕ್ರೂ ಇರುತ್ತದೆ. ಅದರ ಪಕ್ಕದಲ್ಲೇ ಸೆನ್ಸರ್ ವೈರು ಇದ್ದರೆ ಅದನ್ನು ಎಳೆಯಬೇಡಿ. ಕೆಳಗೆ ಪಾರದರ್ಶಕ ಬಾಟಲಿ ಹಿಡಿದು ಸ್ಕ್ರೂ ಎರಡು ಸುತ್ತು ಸಡಿಲಿಸಿ. ಇಳಿಯದಿದ್ದರೆ ಮೇಲಿನ ಹ್ಯಾಂಡ್ ಪಂಪ್ ನಾಲ್ಕು ಸಲ ಒತ್ತಿ. ಮೊದಲು ನೀರು, ಆಮೇಲೆ ಡೀಸೆಲ್ ಬರುತ್ತದೆ. ಶುದ್ಧ ಡೀಸೆಲ್ ಬರುವವರೆಗೆ ಬಿಟ್ಟು ಸ್ಕ್ರೂ ಬಿಗಿ ಮಾಡಿ. ಹ್ಯಾಂಡ್ ಪಂಪು ಕೈಗೆ ಗಟ್ಟಿಯಾಗುವವರೆಗೆ ಒತ್ತಿ, ಆಮೇಲಷ್ಟೇ ಸೆಲ್ಫ್ ಹೊಡೆಯಿರಿ.

ಬಾಟಲಿಯನ್ನು ಕೂಡಲೇ ಚೆಲ್ಲಬೇಡಿ. ಕಾಲು ಗಂಟೆ ಅಲುಗಾಡಿಸದೆ ಇಟ್ಟು ಬೆಳಕಿಗೆ ಹಿಡಿಯಿರಿ. ಡೀಸೆಲ್ಲಿಗಿಂತ ನೀರು ಭಾರ, ಆದ್ದರಿಂದ ತಳದಲ್ಲಿ ಗೆರೆ ಎಳೆದಂತೆ ಬೇರೆಯಾಗಿ ನಿಲ್ಲುತ್ತದೆ. ಬೆರಳಷ್ಟು ನೀರಿದ್ದರೆ ಮರುದಿನವೂ ತೆಗೆದು ನೋಡಿ, ಟ್ಯಾಂಕಿನಲ್ಲಿ ಇನ್ನೂ ಇರಬಹುದು. ನೀರು ಡೀಸೆಲ್ ಸೇರುವ ಗೆರೆಯಲ್ಲಿ ಕಂದು ಲೋಳೆ ತೇಲುತ್ತಿದ್ದರೆ ಟ್ಯಾಂಕಿನೊಳಗೆ ಪಾಚಿಯಂಥ ಸೂಕ್ಷ್ಮಜೀವಿ ಬೆಳೆದಿದೆ ಎಂದರ್ಥ, ಟ್ಯಾಂಕ್ ಇಳಿಸಿ ತೊಳೆಸಲೇಬೇಕು. ತಳದಲ್ಲಿ ಬೆಳ್ಳಿ ಪುಡಿಯ ಹಾಗೆ ಮಿನುಗುವುದು ಕಂಡರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ.

ಆ ಮಿನುಗು ಏನೆಂಬುದನ್ನು ಅಮೆರಿಕದವರು ದುಬಾರಿ ಪಾಠವಾಗಿ ಕಲಿತಿದ್ದಾರೆ. ಅಲ್ಲಿನ ಹೆವಿ ಡ್ಯೂಟಿ ಪಿಕಪ್‌ಗಳಿಗೆ, ಅಂದರೆ 2011ರಿಂದ ಫೋರ್ಡ್ ಸೂಪರ್ ಡ್ಯೂಟಿಗೆ, 2011–16ರ ಜಿಎಂ ಕಂಪನಿಯ ಡ್ಯೂರಾಮ್ಯಾಕ್ಸ್ ಎಂಜಿನ್‌ಗೆ, 2019–20ರ ರ್‍ಯಾಮ್ ಕಮಿನ್ಸ್‌ಗೆ ಬಾಷ್‌ನ ಸಿಪಿ4 ಎಂಬ ಪಂಪು ಬಂತು. ಅದರಲ್ಲಿ ಕ್ಯಾಮ್ ಎಂಬ ಉಬ್ಬಿರುವ ತಿರುಗು ದಂಡದ ಮೇಲೆ ಒಂದು ರೋಲರ್ ಉರುಳಬೇಕು. ರೋಲರ್ ಹಿಡಿದಿರುವ ಟ್ಯಾಪೆಟ್ ಜಾಗದಲ್ಲೇ ತಿರುಗಿಬಿಟ್ಟರೆ ರೋಲರ್ ಉರುಳದೆ ಉಜ್ಜುತ್ತದೆ, ಕ್ಯಾಮನ್ನು ಕೆತ್ತುತ್ತದೆ. ಆ ಲೋಹದ ಚೂರು ರೈಲಿಗೆ, ಇಂಜೆಕ್ಟರ್‌ಗೆ, ರಿಟರ್ನ್ ಪೈಪಿನಿಂದ ಟ್ಯಾಂಕಿಗೂ ಹೋಗುತ್ತದೆ. ಡೀಸೆಲ್ಲಿನ ಜಾರುವ ಗುಣ ಅಳೆಯುವ ಪರೀಕ್ಷೆಯಲ್ಲಿ ಸವೆತದ ಗುರುತು ಯುರೋಪಿನಲ್ಲಿ 460 ಮೈಕ್ರಾನ್ ಮೀರುವಂತಿಲ್ಲ. ಅಮೆರಿಕದ ಮಿತಿ 520, ಅಂದರೆ ಜಾರುವ ಗುಣ ಇನ್ನೂ ಕಡಿಮೆಯಿರುವ ಡೀಸೆಲ್ಲೂ ಅಲ್ಲಿ ಪಾಸಾಗುತ್ತದೆ. ರ್‍ಯಾಮ್ 2021ರಲ್ಲಿ 2.2 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ವಾಪಸ್ ಕರೆಸಿತು, ಹೊಸ ಗಾಡಿಗಳಿಗೆ ಹಳೆಯ ಸಿಪಿ3 ಪಂಪನ್ನೇ ಹಾಕಿತು.

ನಮ್ಮ ಗಾಡಿಯಲ್ಲಿ ಯಾವ ಪಂಪೇ ಇರಲಿ, ಲೋಹದ ಪುಡಿ ಕಂಡ ಮೇಲೆ ಮಾಡಬೇಕಾದ್ದು ಒಂದೇ. ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ಪ್ರತಿ ಸುತ್ತಿಗೂ ಪುಡಿ ಮುಂದೆ ಹೋಗುತ್ತದೆ. ಟೋ ಮಾಡಿಸಿ. ಪಂಪಿನ ಮೇಲಿರುವ, ಒಳಗೆ ಹೋಗುವ ಡೀಸೆಲ್ಲಿನ ಅಳತೆ ನಿಯಂತ್ರಿಸುವ ಮೀಟರಿಂಗ್ ವಾಲ್ವ್ ಬಿಚ್ಚಿ ತೋರಿಸಲು ಮೆಕ್ಯಾನಿಕ್‌ಗೆ ಹೇಳಿ. ಅಲ್ಲಿಯೂ ಮಿನುಗಿದರೆ ಪಂಪು ಮಾತ್ರ ಬದಲಿಸಿದ್ದು ನಷ್ಟ. ಟ್ಯಾಂಕು, ಪೈಪು, ರೈಲು ಎಲ್ಲವನ್ನೂ ತೊಳೆಯದೆ, ಇಂಜೆಕ್ಟರ್‌ಗಳನ್ನು ಪರೀಕ್ಷಿಸದೆ ಹಾಕಿದ ಹೊಸ ಪಂಪನ್ನು ಹಳೆಯ ಪುಡಿ ತಿಂದುಹಾಕುತ್ತದೆ. ಕಡಿಮೆ ಖರ್ಚಿನಲ್ಲಿ ಮುಗಿಸಿಕೊಡುತ್ತೇವೆ ಎಂಬ ಮಾತಿಗೆ ಭಾವ ಒಪ್ಪಿದ್ದರು. ಆ ಪಂಪೂ ಎರಡು ತಿಂಗಳಿಗೆ ಹೋಯಿತು.

ಫಿಲ್ಟರ್ ಬದಲಿಸುವಾಗ ಒಂದು ಎಚ್ಚರ. ಬೇಗ ಸ್ಟಾರ್ಟ್ ಆಗಲಿ ಎಂದು ಕ್ಯಾನಿನ ಡೀಸೆಲ್ಲನ್ನು ಹೊಸ ಫಿಲ್ಟರಿಗೆ ಮೇಲಿಂದ ಸುರಿಯುವ ಅಭ್ಯಾಸ ಬಹಳ ಕಡೆ ಇದೆ. ನಡುವಿನ ತೂತಿಗೆ ಬಿದ್ದ ಡೀಸೆಲ್ ಸೋಸಿಕೊಳ್ಳದೆ ನೇರ ಪಂಪಿಗೆ ಹೋಗುತ್ತದೆ. ಫಿಲ್ಟರ್ ಖಾಲಿಯೇ ಕೂರಿಸಿ ಹ್ಯಾಂಡ್ ಪಂಪಿನಲ್ಲಿ ತುಂಬಿಸಿ. ಟ್ಯಾಂಕ್ ರಿಸರ್ವ್‌ಗೆ ಬೀಳಿಸಬೇಡಿ, ಗಾಳಿ ಎಳೆದೀತು. ಬಿಎಸ್6 ಗಾಡಿಗೆ ಡಿಇಎಫ್ (ಹೊಗೆ ಶುದ್ಧಿಗೆ ಬೇರೆ ಟ್ಯಾಂಕಿಗೆ ಹಾಕುವ ದ್ರವ) ಇದ್ದರೆ ಅದರ ಮುಚ್ಚಳ ನೋಡಿಯೇ ಹಾಕಿಸಿ. ಡಿಇಎಫ್‌ನಲ್ಲಿ ಯೂರಿಯಾ 32.5%, ಉಳಿದದ್ದೆಲ್ಲ ನೀರು. ಅದು ಡೀಸೆಲ್ ಟ್ಯಾಂಕಿಗೆ ಬಿದ್ದಿದ್ದರೆ ಕೀ ಕೂಡ ತಿರುಗಿಸದೆ ಟ್ಯಾಂಕ್ ಖಾಲಿ ಮಾಡಿಸಬೇಕು.

ಪೈಪ್ ಲೂಸ್ ಮಾಡುವ ಮುನ್ನ

ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ (ಈಗಿನ ಬಾಷ್) ಕಂಪನಿಯ ಡೀಸೆಲ್ ಪಂಪುಗಳು ತಯಾರಾಗುತ್ತಿದ್ದ ಕಾಲದಿಂದ ನಮ್ಮ ಮೆಕ್ಯಾನಿಕ್‌ಗಳಿಗೆ ಒಂದು ಕೈರೂಢಿ ಇದೆ. ಡೀಸೆಲ್ ಲೈನಿಗೆ ಏರ್ ಹಿಡಿದರೆ, ಎಂಜಿನ್ ಮಿಸ್ ಹೊಡೆದರೆ, ನಾಝಲ್ ಪೈಪನ್ನು, ಅಂದರೆ ಇಂಜೆಕ್ಟರಿಗೆ ಡೀಸೆಲ್ ಒಯ್ಯುವ ಪೈಪನ್ನು, ಸ್ಪ್ಯಾನರ್‌ನಿಂದ ಸಡಿಲಿಸಿ ನೋಡುವುದು. ಕಾಮನ್ ರೈಲ್‌ನಲ್ಲಿ ಎಂಜಿನ್ ಓಡುವಾಗ ಇದನ್ನು ಎಂದಿಗೂ ಮಾಡಕೂಡದು. ಸೋರಿಕೆ ಎಲ್ಲಿ ಎಂದು ಬೆರಳಿಟ್ಟು ಹುಡುಕಲೂ ಕೂಡದು, ರಟ್ಟಿನ ತುಂಡು ಹಿಡಿದು ದೂರದಿಂದ ನೋಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಮಾಂಸದೊಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗುರುತು, ಮೊದಲಿಗೆ ನೋವೂ ಅಷ್ಟಿರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಒಳಗಿನ ಅಂಗಾಂಶ ಕೊಳೆಯತೊಡಗಿ ಬೆರಳೇ ಕತ್ತರಿಸುವ ಸ್ಥಿತಿ ಬರಬಹುದು. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಕೂರಬೇಡಿ, ಆ ಕ್ಷಣವೇ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ. ಸಣ್ಣ ಗಾಯ ಅನ್ನಬೇಡಿ, ಹೈ ಪ್ರೆಷರ್ ಡೀಸೆಲ್ ಬೆರಳೊಳಗೆ ಹೋಗಿದೆ ಎಂದೇ ವೈದ್ಯರಿಗೆ ಹೇಳಿ.