ಮಗಳಿಂದ ಅಪ್ಪನವರೆಗೆ: ವಯಸ್ಸು ನೋಡಿ ನಾನು ಮಾಡಿಸಿದ ಬ್ಯಾಂಕ್ ಖಾತೆಗಳು

ನಮ್ಮ ಮನೆಯ ಬ್ಯಾಂಕ್ ಕೆಲಸವೆಲ್ಲ ನನ್ನ ಪಾಲಿನದು. ಹೊಸ ಖಾತೆ ಅಂದ ಕೂಡಲೇ ಎಲ್ಲರೂ ಕೇಳೋದು ಬಡ್ಡಿ ಎಷ್ಟು ಅಂತ. ಮನೆಖರ್ಚಿನ ಖಾತೆಯಲ್ಲಿ ತಿಂಗಳ ಕೊನೆಗೆ ಉಳಿಯೋದೇ ಸ್ವಲ್ಪ, ಅದಕ್ಕೆ ಬರುವ ಬಡ್ಡಿ ಎಷ್ಟು ಮಹಾ? ನಾನು ಮೊದಲು ನೋಡೋದು ಬೇರೆ. ಈ ದುಡ್ಡನ್ನು ತೆಗೆಯೋರು ಯಾರು? ಅವರ ಕೈಲಿ ಆಗದಿದ್ದರೆ ಇನ್ಯಾರು ತೆಗೆಯಬಹುದು?

ಮಗಳು ಚಿಕ್ಕವಳಿದ್ದಾಗ ನಾನೇ ಗಾರ್ಡಿಯನ್ ಆಗಿ ಖಾತೆ ತೆರೆದೆ. ಅಪ್ಪನೇ ಆಗಬೇಕು ಎಂದೇನಿಲ್ಲ, ತಾಯಿಯೂ ಆಗಬಹುದು. 10 ವರ್ಷ ತುಂಬಿದ ಮಕ್ಕಳು ತಾವೇ ಖಾತೆ ತೆರೆದು ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದೆ. ಎಷ್ಟು ಮೊತ್ತದವರೆಗೆ, ಎಟಿಎಂ ಕಾರ್ಡ್ ಕೊಡೋದಾ ಬೇಡ್ವಾ ಅನ್ನೋದು ಬ್ಯಾಂಕಿಗೆ ಬಿಟ್ಟಿದ್ದು. ಹಾಗಾಗಿ ಮಗಳಿಗೆ 10 ತುಂಬಿದ ಮೇಲೆ, ಅವಳೇ ನಡೆಸುವ ಖಾತೆಗೆ ಅರ್ಜಿ ತುಂಬುವ ಮುಂಚೆ ಅದನ್ನೇ ಕೇಳಿಕೊಂಡೆ. ಮಗಳು ಸಹಿಯ ಜಾಗದಲ್ಲಿ ತನ್ನ ಪೂರ್ತಿ ಹೆಸರನ್ನು ದುಂಡಗೆ ಕನ್ನಡದಲ್ಲಿ ಬರೆದಳು. ಕೌಂಟರಿನಲ್ಲಿದ್ದ ಮೇಡಂ, "ಪುಟ್ಟಿ, ಇನ್ಮೇಲೆ ಪ್ರತಿ ಸಲ ಹೀಗೇ ಹಾಕ್ಬೇಕು ನೋಡು" ಅಂದರು. ಅವಳು ಇನ್ನೊಮ್ಮೆ ಯೋಚಿಸಿ, ಅದೇ ಇರಲಿ ಅಂದಳು. ಇಂಥ ಖಾತೆಯಲ್ಲಿ ಇರೋದಕ್ಕಿಂತ ಜಾಸ್ತಿ ತೆಗೆಯಲು ಬರುವುದಿಲ್ಲ, ಮಕ್ಕಳಿಗೆ ಅದೇ ಒಳ್ಳೆಯದು. 18 ತುಂಬಿದಾಗ ಹೊಸದಾಗಿ ಸಹಿ ಕೊಡಬೇಕು.

ಹೆಣ್ಣುಮಕ್ಕಳಿಗಾಗಿ ಇರುವ ಸರ್ಕಾರಿ ಉಳಿತಾಯ ಯೋಜನೆ ಸುಕನ್ಯಾ ಸಮೃದ್ಧಿಯದು ಬೇರೆಯದೇ ಲೆಕ್ಕ. ಅದನ್ನು ಹುಡುಗಿಗೆ 10 ತುಂಬುವುದರೊಳಗೆ ತೆರೆಯಬೇಕು. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ ಕಟ್ಟಬಹುದು. ಓದಿಗೆ, ಮದುವೆಗೆ ಅಂತ ಕೂಡಿಡುವ ದುಡ್ಡು ಅದು, ಕೈಖರ್ಚಿಗೆ ಸಿಗುವುದಿಲ್ಲ.

ತಮ್ಮನದು ಸಂಬಳದ ಖಾತೆ. ಸಂಬಳ ಬರುವಷ್ಟು ದಿನ ಮಿನಿಮಮ್ ಬ್ಯಾಲೆನ್ಸ್ ತಲೆನೋವಿಲ್ಲ. ಅವನು ಕೆಲಸ ಬದಲಿಸಿದಾಗ ಹಳೆಯದನ್ನು ಕ್ಲೋಸ್ ಮಾಡಿಸು ಅಂತ ಬೆನ್ನು ಹತ್ತಿದೆ. ಸಂಬಳ ನಿಂತರೆ ಅದು ಮಾಮೂಲಿ ಖಾತೆಯಾಗುತ್ತದೆ, ಬ್ಯಾಲೆನ್ಸ್ ಇಡದಿದ್ದರೆ ಎಷ್ಟೋ ಬ್ಯಾಂಕುಗಳು ದಂಡ ಹಾಕುತ್ತವೆ. ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಉಳಿತಾಯ ಖಾತೆಗಳಿಗೆ ಈ ದಂಡ ತೆಗೆದುಹಾಕಿದ್ದು ಒಳ್ಳೆಯ ಕೆಲಸ. ಎರಡು ವರ್ಷ ಏನೂ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯ. 10 ವರ್ಷ ಯಾರೂ ಕೇಳದಿದ್ದರೆ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ವಾಪಸ್ ಪಡೆಯಬಹುದು ನಿಜ, ಆದರೆ ಆ ಓಡಾಟ ಯಾರಿಗೆ ಬೇಕು?

ಹೆಚ್ಚು ಯೋಚನೆ ಮಾಡಿದ್ದು ಅಪ್ಪನ ಖಾತೆಗೆ. ಪಿಂಚಣಿ ಅವರೊಬ್ಬರ ಹೆಸರಿಗೇ ಬರುತ್ತಿತ್ತು. ಕೈ ನಡುಗಲು ಶುರುವಾದ ಮೇಲೆ ಸಹಿ ಹೊಂದುತ್ತಿಲ್ಲ ಅಂತ ಚೆಕ್ ವಾಪಸ್ ಬರತೊಡಗಿತು. ಅಮ್ಮನ ಹೆಸರು ಸೇರಿಸೋಣ ಅಂದರೆ, "ನಾನಿರೋವರೆಗೂ ನನ್ನ ದುಡ್ಡು ನನ್ನ ಹೆಸರಲ್ಲೇ ಇರ್ಲಿ ಕಣಮ್ಮ" ಅಂದರು. ಅವರ ಮಾತಲ್ಲೂ ನ್ಯಾಯವಿತ್ತು. ಜಂಟಿ ಖಾತೆಯಲ್ಲಿ 'ಫಾರ್ಮರ್ ಆರ್ ಸರ್ವೈವರ್' ಅಂತ ಹಾಕಿದರೆ ಮೊದಲ ಹೆಸರಿನವರು ಇರುವವರೆಗೂ ಅವರೊಬ್ಬರೇ ನಡೆಸೋದು. 'ಐದರ್ ಆರ್ ಸರ್ವೈವರ್' ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ. ಮೊದಲನೆಯದು ಅಪ್ಪನ ಮನಸ್ಸಿಗೆ ಹತ್ತಿರ, ಆದರೆ ಅವರು ಆಸ್ಪತ್ರೆಯಲ್ಲಿ ಮಲಗಿದರೆ ಅಮ್ಮ ಕೈಕಟ್ಟಿ ಕೂರಬೇಕು. ಅದನ್ನು ಹೇಳಿದಾಗ ಅಪ್ಪ ಮಾತಾಡಲಿಲ್ಲ, ಮರುದಿನ ಅವರೇ ಬ್ಯಾಂಕಿಗೆ ಹೊರಟರು. 'ಐದರ್ ಆರ್ ಸರ್ವೈವರ್' ಮಾಡಿಸಿದೆವು.

ಅವರ ಎಫ್‌ಡಿಗಳಿಗೂ ಹೀಗೇ ಮಾಡಿದೆವು. ಇಲ್ಲೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಅವಧಿ ಮುಗಿದ ಎಫ್‌ಡಿಯನ್ನು ಇಬ್ಬರಲ್ಲಿ ಯಾರಾದರೂ ತೆಗೆಯಬಹುದು, ಮಧ್ಯದಲ್ಲಿ ಮುರಿಸಲು ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕು. ಒಬ್ಬರ ಸಹಿಯಲ್ಲೇ ಮುರಿಸಲು ಒಪ್ಪಿಗೆ ಬೇಕಿದ್ದರೆ ಮೊದಲೇ ಬರೆದುಕೊಡಬೇಕು. ನಾನು ಠೇವಣಿ ಇಡುವ ದಿನವೇ ಬರೆಸಿದೆ.

ನಾಮಿನಿ ಹೆಸರನ್ನೂ ಆಗಲೇ ಸರಿಮಾಡಿಸಿದೆವು. 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿ ಹಾಕಬಹುದು, ಯಾರಿಗೆ ಶೇಕಡಾ ಎಷ್ಟು ಅಂತಲೂ ಬರೆಯಬಹುದು. ನಾಮಿನಿ ಅಂದರೆ ಖಾತೆದಾರರು ತೀರಿಕೊಂಡ ಮೇಲೆ ದುಡ್ಡು ಪಡೆದುಕೊಳ್ಳುವವರು ಮಾತ್ರ, ಅದರಿಂದ ವಾರಸುದಾರರ ಹಕ್ಕು ಹೋಗುವುದಿಲ್ಲ. ತಮ್ಮನಿಗೂ ನನಗೂ ಮುಂದೆ ಮನಸ್ತಾಪ ಬರಬಾರದು ಅಂತ ಅಪ್ಪನ ಎದುರಿಗೇ ಇದನ್ನು ಮಾತಾಡಿಕೊಂಡೆವು. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ ಠೇವಣಿ ವಿಮೆ ಇರೋದರಿಂದ ಎಲ್ಲವನ್ನೂ ಒಂದೇ ಕಡೆ ಇಡಲಿಲ್ಲ. ಒಂದು ಪಾಲನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆವು. ಅದರ ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತದೆ, ಔಷಧಿಗೆ ಆಗುತ್ತದೆ. 70 ದಾಟಿದವರಿಗೆ ಮನೆಗೇ ಬಂದು ಸೇವೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಿಮ್ಮ ಶಾಖೆಯಲ್ಲಿ ಬಾಯಿಬಿಟ್ಟು ಕೇಳಿ.

ನನ್ನವು ಎರಡು ಖಾತೆ. ಸಂಬಳ ಬರುವ ಖಾತೆಗೆ ಯುಪಿಐ ಜೋಡಿಸಿಲ್ಲ. ತಿಂಗಳ ಖರ್ಚಿಗೆ ಬೇಕಾದಷ್ಟನ್ನು ಇನ್ನೊಂದಕ್ಕೆ ಹಾಕಿ, ಫೋನಿನಿಂದ ಅದನ್ನೇ ಬಳಸುತ್ತೇನೆ. ಯಾರಾದರೂ ಮೋಸ ಮಾಡಿದರೂ ಹೋಗೋದು ಅಷ್ಟೇ.

ಇನ್ನು ಅಮ್ಮನಿಗೆ ಅಪ್ಪನ ಜೊತೆಗಿನ ಖಾತೆ ಬಿಟ್ಟು ಇನ್ನೊಂದು ಮಾಡಿಸಿದ್ದೇನೆ. ಮಿನಿಮಮ್ ಬ್ಯಾಲೆನ್ಸ್ ಬೇಡದ ಮೂಲ ಉಳಿತಾಯ ಖಾತೆ, ಅವರೊಬ್ಬರದೇ ಹೆಸರು. ನಾನು ಬರೀ ನಾಮಿನಿ. ಅದಕ್ಕೆ ಕೊಟ್ಟಿರೋದು ಅಮ್ಮನದೇ ಮೊಬೈಲ್ ನಂಬರ್, ಮೆಸೇಜ್ ಅವರಿಗೇ ಬರುತ್ತದೆ. ಪಾಸ್‌ಬುಕ್ಕೂ ಅವರ ಹತ್ತಿರವೇ ಇದೆ, ಎಂಟ್ರಿ ಹಾಕಿಸಲು ಅವರೇ ಹೋಗುತ್ತಾರೆ.