ಕೊಡೆ, ಬ್ಯಾಂಡೇಜು, ತಂತಿಬಲೆ: ಬ್ರಿಸ್ಬೇನ್‌ನಲ್ಲಿ ನಮ್ಮ ಹಿತ್ತಲು

ನಾವು ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಬಂದಿದ್ದು 2018ರ ಆಗಸ್ಟ್‌ನಲ್ಲಿ. ಬಂದ ಮೂರನೇ ರಾತ್ರಿ, ಸುಮಾರು ಎರಡು ಗಂಟೆಗೆ, ಹೊರಗೆ ಹೆಂಗಸೊಬ್ಬಳು ಕೂಗಿಕೊಂಡ ಹಾಗಾಯಿತು. ಮೊದಲು ಉದ್ದಕ್ಕೆ ಒಂದು ಕೂಗು. ಆಮೇಲೆ ಅದೇ ಮೇಲೇರುತ್ತಾ ಮೇಲೇರುತ್ತಾ ಅಳುವಾಯಿತು. ನಾನು, ನಮ್ಮನೆಯವರು ಇಬ್ಬರೂ ಎದ್ದು ಕೂತೆವು. ಫೋನ್ ಕೈಗೆ ತಗೊಂಡು ಇಲ್ಲಿಯ ತುರ್ತು ಸಂಖ್ಯೆ 000 ಒತ್ತುವುದೊಂದೇ ಬಾಕಿ. ಅಷ್ಟರಲ್ಲಿ ಬೀದಿ ದೀಪದ ಕೆಳಗೆ ಎರಡು ಹಕ್ಕಿಗಳು ಕಂಡವು. ಉದ್ದ ಕಾಲು, ದೊಡ್ಡ ಕಣ್ಣು, ಒಣಹುಲ್ಲಿನ ಬಣ್ಣ. ಕತ್ತು ಚಾಚಿಕೊಂಡು ಅವೇ ಕೂಗುತ್ತಿದ್ದವು. ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. ‘ಕರ್ಲ್ಯೂ’ ಅಂದರು. ಪೂರ್ತಿ ಹೆಸರು ಬುಷ್ ಸ್ಟೋನ್ ಕರ್ಲ್ಯೂ. ಹೆಸರು ಗೊತ್ತಾದ ರಾತ್ರಿಯಿಂದ ಆ ಕೂಗಿಗೆ ಎಚ್ಚರವಾದರೂ ಹೆದರಿಕೆ ಆಗಲಿಲ್ಲ.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿಯವಳು. ಕಾಡು, ಹಾವು, ಇಂಬಳ ಯಾವುದೂ ನನಗೆ ಹೊಸದಲ್ಲ. ಊರಲ್ಲಿ ದರಕಿನ ಮೇಲೆ ಸರ್ ಅಂದರೆ ಕೇರೆ ಹಾವೋ ಹಾವುರಾಣಿಯೋ ಅಂತ ನೋಡದೆ ಹೇಳುತ್ತಿದ್ದೆ. ಇಲ್ಲಿ ಆ ತಿಳಿವಳಿಕೆ ಯಾವುದೂ ಕೆಲಸಕ್ಕೆ ಬರಲಿಲ್ಲ. ‘ಆಸ್ಟ್ರೇಲಿಯಾದಲ್ಲಿ ಕಂಡಿದ್ದೆಲ್ಲ ಕೊಲ್ಲುತ್ತದಂತೆ, ಹುಷಾರು’ ಅಂತ ಹೊರಡುವಾಗ ನೆಂಟರೆಲ್ಲ ಹೇಳಿದ್ದರು. ಆ ಮಾತಿನಿಂದ ಏನೂ ಉಪಯೋಗವಾಗಲಿಲ್ಲ. ಬೇಕಾಗಿದ್ದು ಬೇರೆ: ಯಾವ ಪ್ರಾಣಿ, ಯಾವ ತಿಂಗಳು, ಯಾವ ಜಾಗ. ಅಷ್ಟನ್ನು ಕಲಿಯಲು ನನಗೆ ಸುಮಾರು ಎರಡು ವರ್ಷ ಹಿಡಿಯಿತು. ಈಗಷ್ಟೇ ಬಂದಿರುವ ನಮ್ಮವರಿಗೆ ಅಷ್ಟು ಸಮಯ ಬೇಕಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪಾಠ ಮ್ಯಾಗ್ಪೈ ಹಕ್ಕಿಯದು. ನಮ್ಮ ಮಡಿವಾಳ ಹಕ್ಕಿಯ ಬಣ್ಣ, ಕಾಗೆಯಷ್ಟು ಗಾತ್ರ. ಬೆಳಗಿನ ಜಾವ ಅದರ ಹಾಡು ಕೇಳಬೇಕು, ಕೊಳಲಿನೊಳಗೆ ನೀರು ಹರಿದ ಹಾಗಿರುತ್ತದೆ. ಸೆಪ್ಟೆಂಬರ್‌ನಲ್ಲಿ ಮಗಳನ್ನು ಶಾಲೆಗೆ ಕರೆದುಕೊಂಡು ಹೋಗುತ್ತಿದ್ದಾಗ ಹಿಂದಿನಿಂದ ಗಾಳಿ ಬೀಸಿದ ಹಾಗಾಯಿತು. ಕಿವಿಯ ಪಕ್ಕದಲ್ಲೇ ಕೊಕ್ಕು ‘ಟಕ್’ ಅಂತು. ತಿರುಗಿ ನೋಡುವಷ್ಟರಲ್ಲಿ ಅದು ಗಮ್ ಮರದ ಕೊಂಬೆಯ ಮೇಲೆ ಕೂತಿತ್ತು. ನಾನು ಮಗಳ ಕೈ ಹಿಡಿದು ಓಡಿದೆ. ಓಡಿದ್ದೇ ತಪ್ಪು. ಅದು ಇನ್ನೂ ಎರಡು ಸಲ ಎರಗಿತು. ಮಗಳ ನೆತ್ತಿಯಲ್ಲಿ ಒಂದು ಗೀರು, ಸಣ್ಣಗೆ ರಕ್ತ.

ಬ್ರಿಸ್ಬೇನ್‌ನ ಗ್ರಿಫಿತ್ ವಿಶ್ವವಿದ್ಯಾಲಯದ ಡ್ಯಾರಿಲ್ ಜೋನ್ಸ್ ಈ ಹಕ್ಕಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅಂಥವರ ಕೆಲಸದಿಂದ ನನಗೆ ತಿಳಿದಿದ್ದು ಇಷ್ಟು. ಎರಗುವುದು ಹೆಚ್ಚುಕಮ್ಮಿ ಗಂಡು ಹಕ್ಕಿಗಳು ಮಾತ್ರ. ಅವುಗಳಲ್ಲೂ ಹತ್ತರಲ್ಲಿ ಒಂದು. ಹೆಣ್ಣು ಮೂರು ವಾರ ಕಾವು ಕೂರುತ್ತದೆ, ಮರಿ ಗೂಡಲ್ಲಿ ಇನ್ನೊಂದು ನಾಲ್ಕು ವಾರ ಇರುತ್ತದೆ. ಗಂಡಿನ ಸಿಟ್ಟೆಲ್ಲ ಆ ದಿನಗಳದ್ದೇ. ಗೂಡಿನಿಂದ ನೂರು ಮೀಟರ್ ದಾಟಿದರೆ ಅದಕ್ಕೆ ನಮ್ಮ ಮೇಲೆ ಗಮನವೇ ಇರುವುದಿಲ್ಲ. ಇನ್ನೊಂದು ವಿಷಯ, ಮ್ಯಾಗ್ಪೈ ಮನುಷ್ಯರ ಮುಖ ಗುರುತಿಟ್ಟುಕೊಳ್ಳುತ್ತದೆ. ಅದಕ್ಕೇ ಕಲ್ಲು ಎಸೆಯಬಾರದು, ಕೋಲು ಬೀಸಬಾರದು. ಈ ವರ್ಷ ಎಸೆದವರನ್ನು ಅದು ಮುಂದಿನ ವರ್ಷವೂ ಹುಡುಕಿಕೊಂಡು ಬರುತ್ತದೆ.

ಅಂದಿನಿಂದ ಆಗಸ್ಟ್ ಬಂತೆಂದರೆ ಕೊಡೆ ಬಿಚ್ಚಿಕೊಂಡು ನಡೆಯುತ್ತೇನೆ, ಮಳೆ ಇರಲಿ ಇಲ್ಲದಿರಲಿ. ಗೂಡಿರುವ ಮರ ಗೊತ್ತಾದರೆ ಆರು ವಾರ ಪಕ್ಕದ ಬೀದಿಯಲ್ಲಿ ಹೋಗುತ್ತೇನೆ. ಸೈಕಲ್ ಕಂಡರಂತೂ ಅದಕ್ಕೆ ಆಗುವುದೇ ಇಲ್ಲ, ಇಳಿದು ತಳ್ಳಿಕೊಂಡು ಹೋಗುವುದೇ ಕ್ಷೇಮ. ಇಲ್ಲಿಯವರು ಹೆಲ್ಮೆಟ್ ತುಂಬ ಪ್ಲಾಸ್ಟಿಕ್ ಟೈಗಳನ್ನು ಮುಳ್ಳುಹಂದಿಯ ಮುಳ್ಳಿನ ಹಾಗೆ ನಿಲ್ಲಿಸಿಕೊಂಡಿರುತ್ತಾರೆ, ಅದು ಇದಕ್ಕೇ.

ಇನ್ನು ನಮ್ಮ ಹಿತ್ತಲಿನ ಕಥೆ. ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಮನೆಯ ಹಿಂದೆ ಎರಡು ಮಡಿ ಮಾಡಿ ಹರಿವೆ, ಬಸಳೆ, ಅರಿಶಿನ ಹಾಕಿದ್ದೆ. ಮೇಲೆ ಅಂಗಡಿಯಿಂದ ತಂದ ಮರದ ಚೂರಿನ ಮುಚ್ಚಿಗೆ. ಒಂದು ಸಂಜೆ ಕೆಲಸ ಮುಗಿಸಿ ಬಂದು ನೋಡಿದರೆ ಮಡಿಯೇ ಇಲ್ಲ. ಮಣ್ಣು, ಗಿಡ, ಮುಚ್ಚಿಗೆ ಎಲ್ಲವೂ ಬೇಲಿಯ ಮೂಲೆಗೆ ಹೋಗಿ ಗುಡ್ಡೆಯಾಗಿತ್ತು. ಗುಡ್ಡೆಯ ಮೇಲೆ ಒಂದು ಕಪ್ಪು ಹಕ್ಕಿ. ಬೋಳು ಕೆಂಪು ತಲೆ, ಕುತ್ತಿಗೆಗೆ ಹಳದಿ ಜೋಲು. ನಮಗೆ ಬೆನ್ನು ಮಾಡಿ ನಿಂತು, ಕಾಲಿನಿಂದ ದರಕನ್ನು ಹಿಂದಕ್ಕೆ ಎಳೆದು ಎಳೆದು ಹಾಕುತ್ತಿತ್ತು. ಅದರ ಹೆಸರು ಬ್ರಷ್ ಟರ್ಕಿ. ಗಂಡು ಟರ್ಕಿ ಒಣ ಎಲೆ, ಮಣ್ಣು ಕೆರೆದು ಟನ್‌ಗಟ್ಟಲೆ ತೂಕದ ದಿಬ್ಬ ಕಟ್ಟುತ್ತದೆ. ಎತ್ತರ ಒಂದು ಮೀಟರ್ ದಾಟುತ್ತದೆ, ಅಗಲ ನಾಲ್ಕು ಮೀಟರ್ ತನಕ ಹೋಗುತ್ತದೆ.

ಓಡಿಸಿದೆ. ಬಂತು. ನೀರು ಚಿಮುಕಿಸಿದೆ. ಮತ್ತೆ ಬಂತು. ಗುಡ್ಡೆ ಹರಡಿದೆ. ಮರುದಿನ ಮಧ್ಯಾಹ್ನದೊಳಗೆ ಅದೇ ಜಾಗದಲ್ಲಿ ಅಷ್ಟೇ ಎತ್ತರ! ಹದಿನೈದು ದಿನ ಹೀಗೇ ನಡೆಯಿತು. ಕಡೆಗೆ ಅಜ್ಜಿಯೇ ಬೇಲಿಯಾಚೆಯಿಂದ ಹೇಳಿದರು: ಅದು ನಮ್ಮ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಕಾನೂನಿನ ರಕ್ಷಣೆ ಇರುವ ಹಕ್ಕಿ, ದಿಬ್ಬದಲ್ಲಿ ಮೊಟ್ಟೆ ಬಿದ್ದ ಮೇಲೆ ನೀನು ಮುಟ್ಟುವ ಹಾಗಿಲ್ಲ, ಮೂಲೆಯನ್ನು ಅದಕ್ಕೆ ಬಿಟ್ಟು ನಿನ್ನ ಮಡಿ ಉಳಿಸಿಕೋ.

ಹಾಗೇ ಮಾಡಿದೆ. ಮಡಿಯ ಮಣ್ಣಿನ ಮೇಲೆ ತಂತಿಬಲೆಯನ್ನು ಚಪ್ಪಟೆಯಾಗಿ ಹಾಸಿ, ಅಂಚಿಗೆ ಭಾರದ ಕಲ್ಲು ಇಟ್ಟೆ. ಗಿಡ ಬಲೆಯ ಕಣ್ಣಿನಿಂದ ಮೇಲೆ ಬರುತ್ತದೆ, ಟರ್ಕಿಯ ಕಾಲಿಗೆ ಕೆರೆಯಲು ಏನೂ ಸಿಗುವುದಿಲ್ಲ. ಮರದ ಚೂರಿನ ಬದಲು ಹೊಳೆಗಲ್ಲು ಹರಡಿದೆ. ಅದಕ್ಕೆ ಬೇಕಿರುವುದು ನೆರಳು ಮತ್ತು ಎಲೆ. ಬಿದ್ದ ಎಲೆಯನ್ನೆಲ್ಲ ಗುಡಿಸಿ ಅದರ ಮೂಲೆಗೇ ಹಾಕತೊಡಗಿದೆ. ಆಮೇಲೆ ಅದು ಈ ಕಡೆ ಬರಲೇ ಇಲ್ಲ. ಬಲೆ ಹಾಕದೆ ಸುಮ್ನೆ ಓಡಿಸುತ್ತಾ ಕೂತರೆ ಟರ್ಕಿಯೇ ಗೆಲ್ಲುತ್ತದೆ, ಇದನ್ನು ನನ್ನ ಅನುಭವದಿಂದ ಖಂಡಿತ ಹೇಳಬಲ್ಲೆ.

ಜಗಳ ನಿಂತ ಮೇಲೆ ಅದನ್ನು ನೋಡಲು ಶುರು ಮಾಡಿದೆ. ದಿನಕ್ಕೆ ಎಷ್ಟೋ ಸಲ ಕೊಕ್ಕನ್ನು ದಿಬ್ಬದೊಳಗೆ ತೂರಿಸಿ ಕ್ಷಣ ಹೊತ್ತು ಹಾಗೇ ನಿಲ್ಲುತ್ತದೆ. ಒಳಗಿನ ಬಿಸಿ ನೋಡುವುದು ಅದು. ಎಲೆ ಕೊಳೆಯುವಾಗ ಹುಟ್ಟುವ ಬಿಸಿಯಿಂದಲೇ ಮೊಟ್ಟೆಗೆ ಕಾವು. ಸುಮಾರು 33ರಿಂದ 35 ಡಿಗ್ರಿ ಇರಬೇಕು. ಜಾಸ್ತಿಯಾದರೆ ಎಲೆ ತೆಗೆಯುತ್ತದೆ, ಕಮ್ಮಿಯಾದರೆ ಹೇರುತ್ತದೆ. ನಮ್ಮ ಊರಲ್ಲಿ ಅಪ್ಪ ಗೊಬ್ಬರಗುಂಡಿಗೆ ಮೊಣಕೈ ತನಕ ಕೈ ಹಾಕಿ ‘ಇನ್ನೂ ಹದ ಬಂದಿಲ್ಲ’ ಅನ್ನುತ್ತಿದ್ದರು. ಸೊಪ್ಪಿನಬೆಟ್ಟದಿಂದ ತಂದ ದರಕಿನ ಆ ಬಿಸಿ, ಆ ವಾಸನೆ ನನಗೆ ಗೊತ್ತು. ಅದನ್ನೇ ನಂಬಿ ಒಂದು ಹಕ್ಕಿ ಮರಿ ಮಾಡುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ.

ಡಿಸೆಂಬರ್‌ನ ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದಾಗ ದಿಬ್ಬದ ಬದಿಯಲ್ಲಿ ಎಲೆ ಅಲುಗಿತು. ಮೊದಲು ಒಂದು ಕಾಲು. ಆಮೇಲೆ ಮಣ್ಣು ಮೆತ್ತಿದ ಕಂದು ತಲೆ. ಮರಿ ಮೈ ಕೊಡವಿಕೊಂಡು ಒಂದೆರಡು ನಿಮಿಷ ಅಲ್ಲೇ ಉಸಿರಾಡುತ್ತಾ ಕೂತಿತು. ನಂತರ ಒಂದೇ ಓಟ, ಬೇಲಿಯ ಸಂದಿಯಲ್ಲಿ ಮಾಯ. ಐವತ್ತು ದಿನ ಮೊಟ್ಟೆಯಲ್ಲಿದ್ದು, ಅಷ್ಟು ಮಣ್ಣನ್ನು ತಾನೇ ಕೆರೆದು ಮೇಲೆ ಬರುತ್ತದೆ. ಅಪ್ಪ ಅಮ್ಮ ಯಾರೂ ನೋಡಿಕೊಳ್ಳುವುದಿಲ್ಲ. ಹೆಚ್ಚಿನವು ಬೆಕ್ಕಿಗೋ ನರಿಗೋ ಆಹಾರವಾಗುತ್ತವೆ. ನಾನು ಕೈಯಲ್ಲಿ ಒದ್ದೆ ಟವೆಲ್ ಹಿಡಿದು ತುಂಬ ಹೊತ್ತು ಆ ಬೇಲಿಯನ್ನೇ ನೋಡುತ್ತಿದ್ದೆ.

ಹಾವಿನ ವಿಷಯಕ್ಕೆ ಬರೋಣ, ಎಲ್ಲರೂ ಮೊದಲು ಕೇಳುವುದು ಅದನ್ನೇ. ನಮ್ಮ ಕಾರ್ ಶೆಡ್ಡಿನ ತೊಲೆಯ ಮೇಲೆ ಒಂದು ದಿನ ಎರಡು ಮೀಟರ್ ಉದ್ದದ್ದು ಸುತ್ತಿಕೊಂಡಿತ್ತು. ಮೈಮೇಲಿನ ಚಿತ್ತಾರ ನೋಡಿ ಕೊಳಕುಮಂಡಲವೇ ನೆನಪಾಗಿ ಕೈಕಾಲು ತಣ್ಣಗಾಯಿತು. ದೂರದಿಂದ ಫೋಟೋ ತೆಗೆದು, ಲೈಸೆನ್ಸ್ ಇರುವ ಹಾವು ಹಿಡಿಯುವವರಿಗೆ ಕಳಿಸಿದೆ. ಅದು ಕಾರ್ಪೆಟ್ ಪೈಥಾನ್, ಅಂದರೆ ಇಲ್ಲಿಯ ಹೆಬ್ಬಾವು. ವಿಷ ಇಲ್ಲ, ಇಲಿ ತಿನ್ನಲು ಬಂದಿದೆ, ಬಿಟ್ಟರೆ ತಾನೇ ಹೋಗುತ್ತದೆ ಅಂದರು. ಬಿಟ್ಟೆವು. ಹನ್ನೊಂದು ದಿನ ಇತ್ತು. ಶೆಡ್ಡಿನ ಇಲಿ ಕಾಟ ನಿಂತಿತು.

ವಿಷದ ಹಾವೂ ಇದೆ. ಈಸ್ಟರ್ನ್ ಬ್ರೌನ್ ಅನ್ನುವುದು ನಗರದ ಅಂಚಿನಲ್ಲೇ ಓಡಾಡುತ್ತದೆ, ಈ ದೇಶದಲ್ಲಿ ಹಾವಿನಿಂದ ಆಗುವ ಸಾವುಗಳಲ್ಲಿ ಹೆಚ್ಚಿನವು ಅದರಿಂದಲೇ. ಆದರೂ ಇಡೀ ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಹಾವು ಕಚ್ಚಿ ಸಾಯುವವರು ಸರಾಸರಿ ಇಬ್ಬರು. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸುಮಾರು 58,000 ಜನ ಅಂತ ಅಂದಾಜಿದೆ. ಈ ಲೆಕ್ಕ ಓದಿದ ದಿನ ನನಗೆ ಊರಿನ ನೆನಪಾಗಿ ಊಟ ಸೇರಲಿಲ್ಲ. ಕರ್ನಾಟಕದಲ್ಲಿ 2024ರಿಂದ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು ಅಂತ ಆಗಿದೆ. ಅದು ಒಳ್ಳೆಯದಾಯಿತು.

ಇಲ್ಲಿ ಕಾಡಿಗೆ ಹೋಗುವಾಗ ನನ್ನ ಚೀಲದಲ್ಲಿ ಅಗಲವಾದ ಎಲಾಸ್ಟಿಕ್ ಬ್ಯಾಂಡೇಜ್ ಎರಡು ಇದ್ದೇ ಇರುತ್ತವೆ. ಕಚ್ಚಿದರೆ ಆ ಕೈ ಅಥವಾ ಕಾಲಿಗೆ ಪೂರ್ತಿ ಬಿಗಿಯಾಗಿ ಸುತ್ತಿ, ಕೋಲು ಕಟ್ಟಿ, ಅಲ್ಲಾಡದೆ ಮಲಗಿಸಿ 000ಗೆ ಫೋನ್ ಮಾಡಬೇಕು. ಕಚ್ಚಿದ ಜಾಗ ತೊಳೆಯಬಾರದು, ಆ ವಿಷದಿಂದಲೇ ಆಸ್ಪತ್ರೆಯಲ್ಲಿ ಯಾವ ಗುಂಪಿನ ಹಾವು ಅಂತ ಪರೀಕ್ಷೆ ಮಾಡುತ್ತಾರೆ. ಸ್ಟ್ರುವಾನ್ ಸದರ್ಲ್ಯಾಂಡ್ ಅನ್ನುವ ವೈದ್ಯರು 1970ರ ದಶಕದಲ್ಲಿ ರೂಪಿಸಿದ ಕ್ರಮ ಇದು. ಆದರೆ ಇದು ಇಲ್ಲಿಯ ಹಾವುಗಳಿಗೆ. ಊರಲ್ಲಿ ಕೊಳಕುಮಂಡಲ ಕಚ್ಚಿದಾಗ ಹೀಗೆ ಬಿಗಿದರೆ ಆ ಜಾಗದ ಮಾಂಸಕ್ಕೇ ಹೆಚ್ಚು ಹಾನಿಯಾಗಬಹುದು. ಅಲ್ಲಿ ಅಲ್ಲಾಡಿಸದೆ ಬೇಗ ಆಸ್ಪತ್ರೆಗೆ ಸೇರಿಸುವುದೇ ಸರಿ.

ಜೇಡಗಳ ಬಗ್ಗೆ ಎರಡೇ ಮಾತು. ಗೋಡೆ ಮೇಲೆ ಅಂಗೈಯಗಲ ಕೂರುವ ಹಂಟ್ಸ್‌ಮನ್ ಜಿರಲೆ ತಿನ್ನುವ ಸಾಧು. ಡಬ್ಬಿ ಮುಚ್ಚಿ, ಕೆಳಗೆ ರಟ್ಟು ತೂರಿಸಿ ಹೊರಗೆ ಬಿಟ್ಟರಾಯಿತು. ಬೆನ್ನ ಮೇಲೆ ಕೆಂಪು ಪಟ್ಟಿಯಿರುವ ಸಣ್ಣ ಕಪ್ಪು ರೆಡ್‌ಬ್ಯಾಕ್ ಹಾಗಲ್ಲ. ಹೊರಗಿಟ್ಟ ಶೂ, ಕುಂಡದ ಅಡಿ, ಕುರ್ಚಿಯ ಅಡಿ ನೋಡದೆ ಕೈ ಹಾಕಬೇಡಿ. ಅದರ ವಿಷಕ್ಕೆ ಮದ್ದು 1956ರಿಂದಲೇ ಇದೆ. ಹಾಗೇ ಬಾವಲಿ ಕೆಳಗೆ ಬಿದ್ದಿದ್ದರೆ ಕನಿಕರ ಬಂದರೂ ಮುಟ್ಟಬಾರದು. ಹುಚ್ಚುನಾಯಿ ರೋಗದ ಸಂಬಂಧಿ ವೈರಸ್ ಇಲ್ಲಿಯ ಬಾವಲಿಗಳಲ್ಲಿದೆ. ವನ್ಯಜೀವಿ ರಕ್ಷಕರಿಗೆ ಫೋನ್ ಮಾಡಿದರೆ ಅವರು ಬರುತ್ತಾರೆ.

ಉಣುಗಿನ ವಿಷಯ ಮಾತ್ರ ನನಗೆ ಹೊಟ್ಟೆಯೊಳಗಿನ ಭಯ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ಬೇಸಿಗೆ ಬಂತೆಂದರೆ ಉಣುಗಿನ ಮಾತು ಕೇಳಿಯೇ ಬೆಳೆದವಳು ನಾನು. ಮೌಂಟ್ ಕೂಥಾ ಬೆಟ್ಟ ಸುತ್ತಿ ಬಂದ ಸಂಜೆ ಮಗಳ ತಲೆ ಬಾಚುವಾಗ ಕಿವಿಯ ಹಿಂದೆ ಒಂದು ಕಚ್ಚಿಕೊಂಡಿತ್ತು. ಉಗುರಿನಿಂದ ಕಿತ್ತೇ ಬಿಡುತ್ತಿದ್ದೆ. ಔಷಧಿ ಅಂಗಡಿಯವರು ಬೇಡ ಅಂದರು. ಹಿಂಡಿದರೆ ಅದರ ಜೊಲ್ಲು ಇನ್ನಷ್ಟು ಒಳಗೆ ಹೋಗುತ್ತದೆ. ಇಲ್ಲಿ ಅದನ್ನು ಕಚ್ಚಿದಲ್ಲೇ ಸ್ಪ್ರೇ ಹೊಡೆದು ತಣ್ಣಗೆ ಕೊರೆಯಿಸಿ ಕೊಲ್ಲುತ್ತಾರೆ, ಆಮೇಲೆ ತಾನೇ ಬೀಳುತ್ತದೆ. ಇಲ್ಲಿಯ ಈ ಉಣುಗಿಗೆ ಪಾರ್ಶ್ವವಾಯು ಉಣುಗು (ಪ್ಯಾರಾಲಿಸಿಸ್ ಟಿಕ್) ಅಂತ ಹೆಸರು. ಅದು ಕಚ್ಚಿದ ಕೆಲವರಿಗೆ ಆಮೇಲೆ ಮಾಂಸ ತಿಂದರೆ ಅಲರ್ಜಿ ಬರುತ್ತದೆ, ಹಾಗಾಗಿ ಸಣ್ಣದು ಅಂತ ಬಿಡುವ ಹಾಗಿಲ್ಲ. ಕಾಡಿನಿಂದ ಬಂದ ಕೂಡಲೇ ಬಟ್ಟೆ ಬಿಚ್ಚಿ, ಸ್ನಾನ ಮಾಡಿಸಿ, ಕಿವಿ ಹಿಂದೆ, ಕಂಕುಳು, ತಲೆ ಎಲ್ಲ ನೋಡುವುದು ನಮ್ಮನೆಯಲ್ಲಿ ಈಗ ರೂಢಿ.

ಇಷ್ಟೆಲ್ಲ ಹೇಳಿದರೂ ನಿಜವಾಗಿ ನಮ್ಮ ಜೀವ ಹೋಗುವ ಹಾಗಾಗಿದ್ದು ಯಾವ ಪ್ರಾಣಿಯಿಂದಲೂ ಅಲ್ಲ. 2020ರ ಜನವರಿ, ಗೋಲ್ಡ್ ಕೋಸ್ಟ್. ಜೀವರಕ್ಷಕರ ಕಾವಲಿರುವ ಜಾಗ ತೋರಿಸುವ ಕೆಂಪು ಹಳದಿ ಬಾವುಟಗಳ ನಡುವೆ ಜನ ಜಾಸ್ತಿ ಅಂತ ನಾವು ಅರ್ಧ ಕಿಲೋಮೀಟರ್ ಆಚೆ ಹೋದೆವು. ಎರಡು ಕಡೆ ಅಲೆ ಒಡೆಯುತ್ತಿದ್ದವು. ನಡುವೆ ಒಂದು ಓಣಿಯ ಹಾಗೆ ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಇತ್ತು. ‘ಇಲ್ಲೇ ಒಳ್ಳೇದು, ಅಲೆ ಇಲ್ಲ’ ಅಂತ ನಮ್ಮನೆಯವರು ಸೊಂಟದ ನೀರಿಗೆ ಇಳಿದರು. ಕಾಲಡಿಯ ಮರಳು ಸರಿದು, ನೋಡುತ್ತಿದ್ದ ಹಾಗೇ ತಲೆ ಚಿಕ್ಕದಾಯಿತು. ದಡದ ಕಡೆ ಬಡಿದು ಬಡಿದು ಈಜಿದರು. ಇದ್ದಲ್ಲೇ ಇದ್ದರು. ಕೈ ಎತ್ತಿದ್ದನ್ನು ಕಂಡು ಸರ್ಫಿಂಗ್ ಮಾಡುತ್ತಿದ್ದ ಒಬ್ಬ ಹುಡುಗ ಹಲಗೆ ಕೊಟ್ಟು ಕರೆತಂದ. ಅವನ ಹೆಸರು ಕೂಡ ನಾವು ಕೇಳಲಿಲ್ಲ.

ಆ ಶಾಂತವಾದ ಓಣಿಯೇ ರಿಪ್. ದಡಕ್ಕೆ ಬಂದ ನೀರೆಲ್ಲ ಸಮುದ್ರಕ್ಕೆ ವಾಪಸ್ ಹೋಗುವ ದಾರಿ ಅದು. ಅದರ ಎದುರು ಈಜಿದರೆ ಸುಸ್ತಾಗಿ ಮುಳುಗುತ್ತೇವೆ. ತೇಲಬೇಕು, ಕೈ ಎತ್ತಬೇಕು, ಸಾಧ್ಯವಾದರೆ ಅಲೆ ಒಡೆಯುವ ಬದಿಗೆ ಅಡ್ಡವಾಗಿ ಸರಿಯಬೇಕು. ಈ ದೇಶದಲ್ಲಿ ಶಾರ್ಕ್‌ಗಿಂತ ರಿಪ್‌ನಲ್ಲಿ ಸಾಯುವವರೇ ಹೆಚ್ಚು. 2024ರ ಜನವರಿಯಲ್ಲಿ ವಿಕ್ಟೋರಿಯಾದ ಫಿಲಿಪ್ ಐಲ್ಯಾಂಡ್‌ನಲ್ಲಿ, ಕಾವಲಿಲ್ಲದ ಕಡಲತೀರದಲ್ಲಿ, ನಮ್ಮ ಭಾರತದವರೇ ನಾಲ್ವರು ಒಂದೇ ದಿನ ಹೋದರು. ಗೋಕರ್ಣ, ಮಲ್ಪೆಯಲ್ಲಿ ಮೊಣಕಾಲು ನೆನೆಸಿಕೊಂಡು ಬೆಳೆದವರು ನಾವು. ದಯವಿಟ್ಟು ಬಾವುಟ ಇಲ್ಲದ ಕಡೆ ಮೊಣಕಾಲಿನ ಮೇಲಕ್ಕೆ ಇಳಿಯಬೇಡಿ.

ಮುಂದಿನ ತಿಂಗಳು ಅಮ್ಮ ಮೊದಲ ಸಲ ಇಲ್ಲಿಗೆ ಬರುತ್ತಿದ್ದಾಳೆ. ಆಗ ಸೆಪ್ಟೆಂಬರ್. ಶಾಲೆಯ ದಾರಿಯ ಗಮ್ ಮರದಲ್ಲಿ ಮ್ಯಾಗ್ಪೈ ನಿನ್ನೆಯಿಂದ ಕಡ್ಡಿ ಸಾಗಿಸುತ್ತಿದೆ. ಟರ್ಕಿ ಹಳೆಯ ದಿಬ್ಬದ ಮೇಲೆ ಹೊಸ ಎಲೆ ಹೇರಲು ಶುರು ಮಾಡಿದೆ. ಫೋನ್‌ನಲ್ಲಿ ಹೇಳಿದರೆ ‘ದರಕಲ್ಲಿ ಮೊಟ್ಟೆ ಇಡುತ್ತಾ? ನಂಗೆ ತೋರ್ಸೇ’ ಅಂದಳು. ಅವಳಿಗೆ ಅಂತ ಒಂದು ಅಗಲದ ಕಪ್ಪು ಕೊಡೆ ತಂದು ಬಾಗಿಲ ಹತ್ತಿರ ನೇತು ಹಾಕಿದ್ದೇನೆ.